ವಲಸಿಗರ ಚೆಂಡಾಟ: ಇಂಗ್ಲೆಂಡಿನ ರಗ್ಬಿಯ ಒಂದು ಋತು

ಹುಟ್ಟಿದ ನಾಡನ್ನು ಬಿಟ್ಟು ಹೊಟ್ಟೆಪಾಡಿಗಾಗಿ ಮಹಾನಗರವನ್ನು ಸೇರಿದ ಜನರು ಅಲ್ಲಿ ಮೊದಲು ಹುಡುಕುವುದು ತಮ್ಮವರನ್ನು. ಕೂಡಿದವರು ಕೆಲವೆಡೆ ಪ್ರಾರ್ಥನಾಮಂದಿರವನ್ನೂ, ಕೆಲವೆಡೆ ಹಾಡಿನ ಮೇಳವನ್ನೂ ಕಟ್ಟಿಕೊಳ್ಳುವರು. ಲಂಡನ್ನಿಗೆ ಬಂದ ಸ್ಕಾಟರೂ, ವೇಲ್ಸಿನವರೂ, ಐರಿಷರೂ ಇವುಗಳೊಡನೆ ಚೆಂಡಾಟದ ಸಂಘಗಳನ್ನೂ ಕಟ್ಟಿದರು. ಲಂಡನ್ ಸ್ಕಾಟಿಷ್ 1878ರಲ್ಲಿಯೂ, ಲಂಡನ್ ವೆಲ್ಷ್ 1885ರಲ್ಲಿಯೂ, ಲಂಡನ್ ಐರಿಷ್ 1898ರಲ್ಲಿಯೂ ಜನ್ಮತಾಳಿದುವು. ಇವೆಲ್ಲಕ್ಕಿಂತ ಹಿರಿದಾದ ರಿಚ್‌ಮಂಡ್ ಸಂಘವು 1861ರದು. ಈ ನಾಲ್ಕು ಸಂಘಗಳೂ 2016-17ನೆಯ ಋತುವಿನಲ್ಲಿ ಇಂಗ್ಲೆಂಡಿನ ರಗ್ಬಿಯ ಎರಡನೆಯ ಶ್ರೇಣಿಯಲ್ಲಿ ಒಟ್ಟುಗೂಡಿದುವು. ಋತುವು ಮುಗಿಯುವುದರೊಳಗೆ ಅವುಗಳಲ್ಲಿ ಒಂದು ಕಣದಲ್ಲಿರಲಿಲ್ಲ.

ರಗ್ಬಿಯೆಂಬುದು ಪಕ್ಷಕ್ಕೆ ಹದಿನೈದು ಮಂದಿ ಆಡುವ ಆಟ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು. ಆದರೆ ಜೊತೆಗಾರನಿಗೆ ಎಸೆಯುವಾಗ ಅದು ಮುಂದಕ್ಕೆ ಹೋಗಕೂಡದು. ಈ ಆಟಕ್ಕೆ ಹಣ ಕೊಡುವುದೂ ಪಡೆಯುವುದೂ ಬಹುಕಾಲ ನಿಷಿದ್ಧವಾಗಿದ್ದಿತು. 1971ರಲ್ಲಿ ಬ್ರಿಟಿಷ್ ದ್ವೀಪಗಳ ತಂಡವು ನ್ಯೂಜಿಲೆಂಡಿಗೆ ಹೋಗಿ, ನಾಲ್ಕು ಮುಖ್ಯ ಪಂದ್ಯಗಳಲ್ಲಿ ಎರಡನ್ನು ಗೆದ್ದು, ಒಂದನ್ನು ಸೋತು, ಒಂದನ್ನು ಸರಿಸಮವಾಗಿ ಮುಗಿಸಿ ಸರಣಿಯನ್ನು ತನ್ನದಾಗಿಸಿಕೊಂಡಿತು. ಅದರ ನಾಯಕರಾದ ಜಾನ್ ಡಾಸ್ ಲಂಡನ್ ವೆಲ್ಷ್ ಸಂಘದವರು. ಜೆ. ಪಿ. ಆರ್. ವಿಲಿಯಮ್ಸ್, ಜೆರಾಲ್ಡ್ ಡೇವಿಸ್, ಮರ್ವಿನ್ ಡೇವಿಸ್, ಜಾನ್ ಟೇಲರ್ ಮೊದಲಾದವರೂ ಅದೇ ಸಂಘದವರು. ಡಾಸರು ಶಾಲೆಯ ಉಪಾಧ್ಯಾಯರು. ವಿಲಿಯಮ್ಸರು ಆಗಿನ್ನೂ ವೈದ್ಯವಿದ್ಯೆಯನ್ನು ಕಲಿಯುತ್ತಿದ್ದರು. ಲೋಕವೇ ಕೊಂಡಾಡಿದ ಈ ಆಟಗಾರರ ಜೀವನೋಪಾಯವು ಬೇರೆಯೇ ಆಗಿದ್ದಿತು.

1995ರ ಆಗಸ್ಟಿನಲ್ಲಿ ಈ ನಿಷೇಧವು ತೊಲಗಿ, ಆಟವು ವೃತ್ತಿಯಾಯಿತು. ಹಣವಂತರ ದೃಷ್ಟಿಯು ಸಂಘಗಳ ಮೇಲೆ ಬಿದ್ದಿತು. ಅದರ ಫಲವನ್ನು ಮೊದಲು ಉಂಡವು ರಿಚ್‌ಮಂಡ್ ಮತ್ತು ಲಂಡನ್ ಸ್ಕಾಟಿಷ್ ಸಂಘಗಳು. ಒಂದೇ ಅಂಗಣವನ್ನು ಹಂಚಿಕೊಂಡಿದ್ದ ಇವೆರಡೂ ಮೇಲಿನ ಶ್ರೇಣಿಗೇರಿ, 1999ರಲ್ಲಿ ಸಾಲದಲ್ಲಿ ಮುಳುಗಿದುವು. ಅವುಗಳ ವೃತ್ತಿತಂಡಗಳನ್ನು ಲಂಡನ್ ಐರಿಷಿನೊಳಗೆ ಸೇರಿಸಲಾಯಿತು. ಆದರೆ ಹಳೆಯ ಸದಸ್ಯರು ಕೈಚೆಲ್ಲಿ ಕೂಡಲಿಲ್ಲ. ಲೀಗಿನ ಕೆಳಗಿನ ಮೆಟ್ಟಿಲುಗಳಿಂದ ಪುನಃ ಹತ್ತತೊಡಗಿದರು. ಸ್ಕಾಟಿಷ್ 2011ರಲ್ಲಿಯೂ, ರಿಚ್‌ಮಂಡ್ 2016ರಲ್ಲಿಯೂ ಎರಡನೆಯ ಶ್ರೇಣಿಯನ್ನು ಮುಟ್ಟಿದುವು. ಅದೇ 2016ರಲ್ಲಿ ಮೊದಲನೆಯ ಶ್ರೇಣಿಯಿಂದ ಜಾರಿದ ಲಂಡನ್ ಐರಿಷ್ ಅವರ ಎದುರಿಗೆ ಬಂದು ನಿಂತಿತು.

ಲಂಡನ್ ವೆಲ್ಷ್ ಸಂಘದ ಪಾಡು ಬೇರೊಂದು ಬಗೆಯದು. 2012ರಲ್ಲಿ ಅದು ಎರಡನೆಯ ಶ್ರೇಣಿಯನ್ನು ಗೆದ್ದಿತಾದರೂ, ಮೇಲಿನ ಶ್ರೇಣಿಯವರು ವಿಧಿಸಿದ್ದ ಅಂಗಣದ ನಿಯಮಗಳಿಗೆ ಅದರ ಓಲ್ಡ್ ಡಿಯರ್ ಪಾರ್ಕ್ ಒಪ್ಪುವಂತಿರಲಿಲ್ಲ. ಮೇಲ್ಮನವಿಯಲ್ಲಿ ಜಯಿಸಿ, ತವರು ಅಂಗಣವನ್ನು ಬಿಟ್ಟು, ಆಕ್ಸ್‌ಫರ್ಡಿನ ಕಾಲ್ಚೆಂಡಿನ ಮೈದಾನಕ್ಕೆ ಹೋಗಬೇಕಾಯಿತು. ಒಂದೇ ವರ್ಷದಲ್ಲಿ ಕೆಳಗಿಳಿದು, 2014ರಲ್ಲಿ ಮರಳಿ ಮೇಲೇರಿ, 2014-15ರಲ್ಲಿ ಲೀಗಿನ 22 ಪಂದ್ಯಗಳನ್ನೂ ಸೋತಿತು. ಲಂಡನ್ನಿನ ವೇಲ್ಸಿನವರಿಗಾಗಿ ಹುಟ್ಟಿದ ಸಂಘವು ಲಂಡನ್ನಿನ ಹೊರಗೆ, ಬಾಡಿಗೆಯ ಅಂಗಣದಲ್ಲಿ, ತನ್ನವರಿಂದ ದೂರವಾಗಿ ಸೋಲುತ್ತಿದ್ದಿತು.

2015ರಲ್ಲಿ ತವರಿಗೆ ಮರಳಿದರೂ ಸಾಲವು ಬೆನ್ನು ಬಿಡಲಿಲ್ಲ. 2016ರ ಡಿಸೆಂಬರಿನಲ್ಲಿ ಸಂಘವನ್ನು ನಡೆಸುತ್ತಿದ್ದ ಕಂಪೆನಿಯು ದಿವಾಳಿಯೆದ್ದಿತು. ರಗ್ಬಿ ಒಕ್ಕೂಟವು 20 ಅಂಕಗಳನ್ನು ಕಳೆದು, ತಾತ್ಕಾಲಿಕವಾಗಿ ಆಡಲು ಅಪ್ಪಣೆಯಿತ್ತಿತು. ಷರತ್ತುಗಳು ನೆರವೇರದಿರಲು, 2017ರ ಜನವರಿಯಲ್ಲಿ ಆ ಅಪ್ಪಣೆಯೂ ಹೋಯಿತು. ಅದು ಅದುವರೆಗೆ ಆಡಿದ್ದ ಲೀಗ್ ಪಂದ್ಯಗಳ ಫಲಿತಾಂಶಗಳನ್ನೆಲ್ಲ ಪಟ್ಟಿಯಿಂದ ಅಳಿಸಿಹಾಕಿದರು. ಗೆದ್ದವರ ಗೆಲುವೂ, ಸೋತವರ ಸೋಲೂ ನಡೆಯದಂತೆಯೇ ಆಯಿತು. ಬೆವರು ಸುರಿಸಿದ ಆಟಗಾರರು ನಡುಋತುವಿನಲ್ಲಿ ಬೇರೆ ಉದ್ಯೋಗವನ್ನು ಅರಸಬೇಕಾಯಿತು.

ಉಳಿದ ಹನ್ನೊಂದು ಸಂಘಗಳು ತಲಾ 20 ಪಂದ್ಯಗಳನ್ನಾಡಿ ಋತುವನ್ನು ಪೂರೈಸಿದುವು. ಒಂದು ಸ್ಥಾನವು ತೆರವಾದುದರಿಂದ ಆ ವರ್ಷ ಯಾರೂ ಕೆಳಕ್ಕಿಳಿಯಬೇಕಾಗಲಿಲ್ಲ. ಅಗ್ರಸ್ಥಾನದಲ್ಲಿದ್ದ ಲಂಡನ್ ಐರಿಷ್, ಮೇ ತಿಂಗಳ ಅಂತಿಮ ಸ್ಪರ್ಧೆಯಲ್ಲಿ ಯಾರ್ಕ್‌ಷೈರ್ ಕಾರ್ನೆಗಿ ತಂಡವನ್ನು ಎರಡು ಪಂದ್ಯಗಳು ಸೇರಿ 84-66 ಅಂಕಗಳಿಂದ ಮಣಿಸಿ ಮೇಲಿನ ಶ್ರೇಣಿಗೆ ಹಿಂದಿರುಗಿತು.

ಕಥೆಯು ವಿಜಯದಲ್ಲಿಯೇ ಮುಗಿದಿದ್ದರೆ ಚೆನ್ನಾಗಿದ್ದಿತು. ಆರು ವರ್ಷಗಳ ಅನಂತರ, 2023ರ ಜೂನಿನಲ್ಲಿ, ಅದೇ ಲಂಡನ್ ಐರಿಷ್ ಹಣದ ಮುಗ್ಗಟ್ಟಿನಿಂದ ಲೀಗಿನಿಂದ ಹೊರಬಿದ್ದಿತು. ಆ ವರ್ಷ ಎರಡನೆಯ ಶ್ರೇಣಿಯನ್ನು ಗೆದ್ದ ಜರ್ಸಿಯ ಸಂಘವೂ ಸೆಪ್ಟೆಂಬರಿನಲ್ಲಿ ಕುಸಿಯಿತು. ಎರಡು ಶ್ರೇಣಿಗಳ ನಡುವಣ ಕಂದಕವು ಆಟದ ಬಲದಲ್ಲಿರುವುದಕ್ಕಿಂತ ಹೆಚ್ಚಾಗಿ ಹಣದ ಬಲದಲ್ಲಿದೆ. ಏರಬೇಕಾದರೆ ಗಳಿಕೆಗೆ ಮೀರಿ ವೆಚ್ಚ ಮಾಡಬೇಕು. ಏರಿ ನಿಲ್ಲಬೇಕಾದರೆ ಇನ್ನೂ ಹೆಚ್ಚು.

ಆದರೂ ಕಂಪೆನಿಯು ಸತ್ತಾಗ ಸಂಘವು ಸಾಯಲೇಬೇಕೆಂದೇನಿಲ್ಲ. ರಿಚ್‌ಮಂಡ್ ಮತ್ತು ಸ್ಕಾಟಿಷ್ ಸಂಘಗಳು ಅದನ್ನು ಮೊದಲೇ ತೋರಿಸಿದ್ದುವು. ಲಂಡನ್ ವೆಲ್ಷಿನ ಹವ್ಯಾಸಿ ಆಟಗಾರರೂ 2017-18ರಲ್ಲಿ ಕೆಳಗಿನ ಪ್ರಾದೇಶಿಕ ಲೀಗಿನಲ್ಲಿ, ಅದೇ ಓಲ್ಡ್ ಡಿಯರ್ ಪಾರ್ಕಿನಲ್ಲಿ, ಆಟವನ್ನು ಮುಂದುವರಿಸಿದರು. ಹಣದಿಂದ ಕಟ್ಟಿದುದು ಹಣದೊಡನೆ ಹೋಯಿತು. 1885ರಲ್ಲಿ ಊರು ಬಿಟ್ಟ ಜನರು ಒಬ್ಬರನ್ನೊಬ್ಬರು ಹುಡುಕಿಕೊಂಡು ಕಟ್ಟಿದುದು ಮಾತ್ರ ನಿಂತಿತು.