ಲೇಸರ್ ಗೈರೊಸ್ಕೋಪ್ (ಕೋನಮಾಪನದಲ್ಲಿ)

ತಿರುಗುವಿಕೆಯನ್ನು ಬೆಳಕಿನಿಂದ ಅಳೆಯುವ ಉಪಕರಣ. ಹೆಸರಿನಲ್ಲಿ ಗೈರೊಸ್ಕೋಪ್ ಎಂದಿದ್ದರೂ ಇದರೊಳಗೆ ಬುಗುರಿಯಂತೆ ಸುತ್ತುವ ಚಕ್ರವಿಲ್ಲ. ಕನ್ನಡಿಗಳಿಂದಾದ ಮುಚ್ಚಿದ ಪಥದಲ್ಲಿ ಎರಡು ಲೇಸರ್ ಕಿರಣಗಳು ಎದುರುಬದುರಾಗಿ ಸುತ್ತುತ್ತವೆ. ಉಪಕರಣ ತಿರುಗಿದರೆ ಒಂದರ ದಾರಿ ಕೊಂಚ ಉದ್ದವಾಗಿ, ಇನ್ನೊಂದರದು ಗಿಡ್ಡವಾಗಿ, ಅವುಗಳ ಆವರ್ತನಗಳು ಬೇರೆಯಾಗುತ್ತವೆ. ಫ್ರಾನ್ಸಿನ ಜಾರ್ಜ್ ಸಾನ್ಯಾಕ್ 1913ರಲ್ಲಿ ತೋರಿಸಿದ ಪರಿಣಾಮವೇ ಇದಕ್ಕೆ ಆಧಾರ; ಲೇಸರ್ ಬಳಸಿದ ಮೊದಲ ಪ್ರಯೋಗ ನಡೆದದ್ದು 1963ರಲ್ಲಿ, ಅಮೆರಿಕದಲ್ಲಿ.

ಎರಡೂ ಕಿರಣಗಳನ್ನು ಬೆರೆಸಿದಾಗ ಬೆಳಕು-ಕತ್ತಲೆಯ ಪಟ್ಟೆಗಳು ಸರಿಯುತ್ತವೆ. ಅವುಗಳ ಎಣಿಕೆಯೇ ಕೋನ. 10 ಸೆಂಟಿಮೀಟರ್ ಬಾಹುವಿನ ಚೌಕ ಪಥ, 632.8 ನ್ಯಾನೊಮೀಟರ್ ತರಂಗಾಂತರದ ಹೀಲಿಯಂ-ನಿಯಾನ್ ಲೇಸರ್ ಇದ್ದರೆ ಒಂದು ಪಟ್ಟೆಗೆ ಸುಮಾರು 1.3 ಆರ್ಕ್‌ಸೆಕೆಂಡ್; ಪೂರ್ಣ ಸುತ್ತಿಗೆ ಹತ್ತಿರಹತ್ತಿರ 9.93 ಲಕ್ಷ ಪಟ್ಟೆಗಳು. ಗೆರೆ ಕೊರೆದ ಅಳತೆಬಿಲ್ಲೆ ಇಲ್ಲಿ ಬೇಕಿಲ್ಲ: ಒಂದು ಸುತ್ತೆಂದರೆ ಖಚಿತವಾಗಿ 360 ಡಿಗ್ರಿ, ಆದ್ದರಿಂದ ಪ್ರತಿ ಸುತ್ತಿನಲ್ಲೂ ಉಪಕರಣ ತನ್ನನ್ನು ತಾನೇ ಸರಿಹೊಂದಿಸಿಕೊಳ್ಳಬಹುದು. ಈ ವಿಧಾನದ ನಿಜವಾದ ಸೊಗಸು ಇದೇ. ಬಹುಮುಖ ಪ್ರಿಸಂಗಳನ್ನೂ ಕೋನ ಎನ್‌ಕೋಡರ್‌ಗಳನ್ನೂ ಹೀಗೆ ಪರೀಕ್ಷಿಸುತ್ತಾರೆ.

ತೀರಾ ನಿಧಾನವಾಗಿ ತಿರುಗಿದರೆ ಕನ್ನಡಿಗಳಿಂದ ಚದುರಿದ ಬೆಳಕು ಎರಡೂ ಆವರ್ತನಗಳನ್ನು ಒಂದಕ್ಕೊಂದು ಅಂಟಿಸಿ ಎಣಿಕೆಯನ್ನೇ ನಿಲ್ಲಿಸುತ್ತದೆ. ವಿಮಾನಗಳಲ್ಲಿ ಇದನ್ನು ತಪ್ಪಿಸಲು ಗೈರೊಸ್ಕೋಪನ್ನು ಸದಾ ಸಣ್ಣಗೆ ಅಲುಗಾಡಿಸುತ್ತಾರೆ. ಕೋನಮಾಪನದಲ್ಲಿ ಉಪಕರಣವನ್ನಿಟ್ಟ ಪೀಠವನ್ನು ಒಂದೇ ವೇಗದಲ್ಲಿ ತಿರುಗಿಸುತ್ತಿದ್ದರೆ ಸಾಕು. ಭೂಮಿಯ ತಿರುಗುವಿಕೆಯೂ ಎಣಿಕೆಗೆ ಸೇರುವುದರಿಂದ ಅದನ್ನು ಕಳೆಯಬೇಕು. ಜರ್ಮನಿಯ ವೆಟ್ಸೆಲ್‌ನಲ್ಲಿರುವ 4 ಮೀಟರ್ ಬಾಹುವಿನ ‘ಜಿ’ ಉಂಗುರ ಲೇಸರ್‌ಗಾದರೋ ಅದೇ ಮುಖ್ಯ ಸಂಕೇತ: ಸೆಕೆಂಡಿಗೆ ಸುಮಾರು 348 ಪಟ್ಟೆಗಳು.