ಮುಂಬಯಿಯ ಪೇಯಿಂಗ್ ಗೆಸ್ಟ್ ಪುರಾಣ

"ಮಗಳ ಕೋಣೆ ಖಾಲಿ ಬಿದ್ದಿದೆ, ನಾಲ್ಕು ದಿನ ಎಂಟು ದಿನಕ್ಕೆ ಬರುವವರಿಗೆ ಕೊಡೋಣವಾ?" ಅಂತ ಈಚೆಗೆ ಪರಿಚಯದವರು ಬಹಳ ಜನ ಕೇಳುತ್ತಾರೆ. ಬ್ಯಾಂಕಿನವನಲ್ಲವೆ, ಲೆಕ್ಕ ಗೊತ್ತಿರುತ್ತೆ ಅಂತ ನಂಬಿಕೆ! ಲೆಕ್ಕವೇನೋ ಸುಲಭವೇ. ಆದರೆ ಮಾತು ಹತ್ತು ನಿಮಿಷ ಮುಂದುವರಿದರೆ ದುಡ್ಡಿನ ವಿಷಯ ಹಿಂದೆ ಬಿದ್ದು ಒಂದೇ ಪ್ರಶ್ನೆ ಉಳಿಯುತ್ತೆ: "ಬಂದವರು ಎದ್ದು ಹೋಗದಿದ್ದರೆ?"

ಊರಿನ ನೆಂಟರಿಗೆ ಈ ಭಯ ವಿಚಿತ್ರವಾಗಿ ಕಾಣುತ್ತೆ. ಸೋಫಾ ಹರಿದೀತು, ಟವೆಲ್ ಕಾಣೆಯಾದೀತು, ರಾತ್ರಿ ಎರಡು ಗಂಟೆಗೆ ಬೆಲ್ ಹೊಡೆದಾರು ಅಂತ ಹೆದರಿದರೆ ಸರಿ. ಕಾಸು ಕೊಟ್ಟು ನಾಲ್ಕು ದಿನ ಇರಲು ಬಂದವನು ಮನೆಯನ್ನೇ ಹಿಡಿದುಕೊಂಡಾನು ಅಂತ ಯಾರಾದರೂ ಯೋಚಿಸುತ್ತಾರೆಯೇ? ಮುಂಬಯಿಯವರು ಯೋಚಿಸುತ್ತಾರೆ. ಆ ಭಯಕ್ಕೆ ನೂರು ವರ್ಷದ ಇತಿಹಾಸವಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಈ ಊರಿನಲ್ಲಿ ಕಾಸು ತೆಗೆದುಕೊಂಡು ಅಪರಿಚಿತರನ್ನು ಮನೆಯೊಳಗೆ ಬಿಟ್ಟುಕೊಳ್ಳುವುದು ಹೊಸದೇನಲ್ಲ. ಗಿರಣಿಗಳ ಕಾಲದಲ್ಲಿ ಪರೇಲ್, ಲಾಲ್‌ಬಾಗ್ ಕಡೆಯ ಚಾಳುಗಳಲ್ಲಿ ಒಂದು ಸಂಸಾರ ಒಂದು ಖೋಲಿ ಹಿಡಿದರೆ, ಅದರಲ್ಲೇ ಊರಿನ ಕಡೆಯ ಮೂರು ನಾಲ್ಕು ಜನ ಬಂದು ಸೇರುತ್ತಿದ್ದರು. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಮಲಗುತ್ತಿದ್ದ. ಮನೆಯ ಹೆಂಗಸು ಎಲ್ಲರಿಗೂ ಭಾಕರಿ ತಟ್ಟಿ ತಿಂಗಳ ಲೆಕ್ಕ ಬರೆದಿಡುತ್ತಿದ್ದಳು. ಅದೇ ಖಾನಾವಳಿ. ಪ್ರೇಮಾ ಪುರಾವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದು ಇಂಥ ಖಾನಾವಳಿ ಹೆಂಗಸರಿಗಾಗಿಯೇ. ಅಲ್ಲಿ ಕರಾರು ಪತ್ರ ಇರಲಿಲ್ಲ. ಒಂದೇ ಊರಿನವರು, ಒಂದೇ ಜಾತಿಯವರು ಅನ್ನುವುದೇ ಜಾಮೀನು. ತೊಂದರೆ ಕೊಟ್ಟರೆ ಊರಿಗೆ ಸುದ್ದಿ ಹೋಗುತ್ತಿತ್ತು!

ತೊಡಕು ಶುರುವಾದದ್ದು ಯುದ್ಧಗಳಿಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಬಾಡಿಗೆ ಏರಿದಾಗ 1918ರಲ್ಲಿ ಬಾಡಿಗೆ ನಿಯಂತ್ರಣದ ಕಾಯ್ದೆ ಬಂತು. ಎರಡನೇ ಯುದ್ಧದ ನಂತರ 1947ರಲ್ಲಿ ಇನ್ನೂ ದೊಡ್ಡ ಕಾಯ್ದೆ. ಅದರ ಪೂರ್ತಿ ಹೆಸರನ್ನು ಗಮನಿಸಿ: 'ಬಾಂಬೆ ರೆಂಟ್ಸ್, ಹೋಟೆಲ್ ಅಂಡ್ ಲಾಡ್ಜಿಂಗ್ ಹೌಸ್ ರೇಟ್ಸ್ ಕಂಟ್ರೋಲ್ ಆಕ್ಟ್'. ಬಾಡಿಗೆ ಮನೆಯಷ್ಟೇ ಅಲ್ಲ, ಹೋಟೆಲಿನ ಮತ್ತು ವಸತಿಗೃಹದ ದರವೂ ಸರ್ಕಾರದ ಹಿಡಿತಕ್ಕೆ ಬಂತು. ಬಾಡಿಗೆಯ ಲೆಕ್ಕಕ್ಕೆ ಆಧಾರ 1940ರ ಸೆಪ್ಟೆಂಬರ್ 1ರಂದು ಇದ್ದ ದರ. ದೇಶವಿಭಜನೆಯಾಗಿ ನಿರಾಶ್ರಿತರು ಬರುತ್ತಿದ್ದ ಆ ಹೊತ್ತಿನಲ್ಲಿ ಬಾಡಿಗೆದಾರರಿಗೆ ರಕ್ಷಣೆ ಬೇಕೇ ಬೇಕಾಗಿತ್ತು. ಇಲ್ಲ ಅನ್ನುವಂತಿಲ್ಲ. ಆದರೆ ತಾತ್ಕಾಲಿಕ ಅಂತ ಬಂದ ಕಾಯ್ದೆ ಮತ್ತೆ ಮತ್ತೆ ಮುಂದುವರಿದು ಐವತ್ತು ವರ್ಷ ಉಳಿದುಬಿಟ್ಟಿತು.

ಫಲ ಏನಾಯಿತು? ಒಮ್ಮೆ ಬಾಡಿಗೆದಾರನಾದವನು ಏಳುವ ಹಾಗಿಲ್ಲ, ಬಾಡಿಗೆ ಏರುವ ಹಾಗಿಲ್ಲ. ಪಗಡಿ ಅನ್ನುವ ಪದ್ಧತಿ ಬೆಳೆಯಿತು. ಕಾಯ್ದೆ ಪ್ರಕಾರ ಅದು ಅಪರಾಧ, ವ್ಯವಹಾರದಲ್ಲಿ ಅದೇ ರೂಢಿ. ಮನೆ ಮಾಲೀಕರು ವಕೀಲರ ಹತ್ತಿರ ಹೋಗಿ ಇನ್ನೊಂದು ದಾರಿ ಹುಡುಕಿದರು. "ಬಾಡಿಗೆಗೆ ಕೊಟ್ಟರೆ ತಾನೇ ಕಾಯ್ದೆ? ಇರಲು ಬರೀ ಅನುಮತಿ ಕೊಟ್ಟರೆ?" ಇದೇ 'ಲೀವ್ ಅಂಡ್ ಲೈಸೆನ್ಸ್'. ಬಂದವನು ಬಾಡಿಗೆದಾರನಲ್ಲ, ಅನುಮತಿ ಪಡೆದು ಇರುವವನು ಮಾತ್ರ. ಜೊತೆಗೆ ಹನ್ನೊಂದು ತಿಂಗಳ ಲೆಕ್ಕವೂ ಸೇರಿತು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ ಅದರೊಳಗೇ ಮುಗಿಸುವ ಉಪಾಯ.

ಕೋರ್ಟುಗಳು ಇದನ್ನು ಸುಮ್ಮನೆ ಒಪ್ಪಲಿಲ್ಲ. ದೆಹಲಿಯ ಇಂಪೀರಿಯಲ್ ಹೋಟೆಲಿನ ಎರಡು ಕೋಣೆಗಳಲ್ಲಿ ಒಬ್ಬರು ಕೇಶಾಲಂಕಾರದ ಅಂಗಡಿ ನಡೆಸುತ್ತಿದ್ದರು. ಆ ಕೇಸಿನಲ್ಲಿ 1959ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇವತ್ತಿಗೂ ಪಾಠ. ಕಾಗದದ ಮೇಲೆ ಏನು ಹೆಸರಿಟ್ಟಿದ್ದೀರಿ ಅನ್ನುವುದಕ್ಕಿಂತ ಒಳಗಿನ ಹುರುಳೇನು ಅನ್ನುವುದು ಮುಖ್ಯ, ಜಾಗ ನಿಜವಾಗಿ ಯಾರ ಸ್ವಾಧೀನದಲ್ಲಿದೆ ಅನ್ನುವುದನ್ನು ನೋಡಬೇಕು ಅಂತ.

ಆಮೇಲೆ ಬಂತು 1973ರ ಫೆಬ್ರವರಿ 1. ಮುಂಬಯಿಯ ಹಳೆಯ ಮನೆ ಮಾಲೀಕರು ಮರೆಯದ ತಾರೀಖು ಇದು. ಮಹಾರಾಷ್ಟ್ರ ಸರ್ಕಾರ ಕಾಯ್ದೆಗೆ 15ಎ ಅನ್ನುವ ಕಲಮು ಸೇರಿಸಿತು. ಆ ದಿನ ಚಾಲ್ತಿಯಲ್ಲಿದ್ದ ಲೈಸೆನ್ಸ್ ಮೇಲೆ ಒಂದು ಕೋಣೆಗೆ ಕಡಿಮೆಯಿಲ್ಲದ ಜಾಗದಲ್ಲಿ ಯಾರಿದ್ದಾರೋ ಅವರೆಲ್ಲ ಬಾಡಿಗೆದಾರರು! ಹನ್ನೊಂದು ತಿಂಗಳಿಗೆ ಅಂತ ಬಂದವನು ಕಾಯಂ ಆದ. ವರ್ಗವಾಗಿ ಹೋಗುವಾಗ ಮನೆ ಕೊಟ್ಟು ಹೋದವರು ನಿವೃತ್ತರಾಗಿ ಬಂದು ತಮ್ಮ ಮನೆಗೇ ಕೋರ್ಟು ಹತ್ತಿದರು. 1990ರಲ್ಲಿ ವಿಶ್ವ ಕೋಆಪರೇಟಿವ್ ಹೌಸಿಂಗ್ ಸೊಸೈಟಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಹೀಗೆ ರಕ್ಷಣೆ ಪಡೆದವರನ್ನು ಸೊಸೈಟಿಯವರು ಸಹಕಾರಿ ಕಾಯ್ದೆಯ ದಾರಿಯಲ್ಲಿ ಎಬ್ಬಿಸುವ ಹಾಗಿಲ್ಲ ಅಂದಿತು.

ಇನ್ನೊಂದು ಕಡೆಯನ್ನೂ ಹೇಳಬೇಕು. ವರ್ಷಗಟ್ಟಲೆ ಇದ್ದು, ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿ, ಬಾಡಿಗೆಯನ್ನೇ ಕೊಡುತ್ತಿದ್ದವರನ್ನು "ನೀನು ಬರೀ ಅನುಮತಿಯವನು" ಅಂತ ಹೊರಗೆ ಹಾಕುತ್ತಿದ್ದುದೂ ಸುಳ್ಳಲ್ಲ. ಅವರಿಗೆ ಆ ತಾರೀಖು ಜೀವದಾನ.

ಈ ತಿದ್ದುಪಡಿಯಲ್ಲಿ ಒಂದು ಸಣ್ಣ ವ್ಯಾಖ್ಯೆ ಇತ್ತು. ನನ್ನ ಪ್ರಕಾರ ಇಡೀ ಪುರಾಣದ ತಿರುಳು ಅದೇ. 'ಪೇಯಿಂಗ್ ಗೆಸ್ಟ್' ಅಂದರೆ ಮನೆಯವರಲ್ಲದ ವ್ಯಕ್ತಿ. ಲೈಸೆನ್ಸ್ ಕೊಟ್ಟವರು ತಾವೇ ವಾಸವಾಗಿರುವ ಮನೆಯ ಒಂದು ಭಾಗದಲ್ಲಿ ಇರಲು ಅವನಿಗೆ ಅನುಮತಿ ಕೊಟ್ಟಿರಬೇಕು. ಇಂಥವನನ್ನು ರಕ್ಷಣೆ ಸಿಗುವ ಲೈಸೆನ್ಸಿಗಳ ಪಟ್ಟಿಯಿಂದ ಹೊರಗಿಟ್ಟರು. ಅಂದರೆ ಮಾಲೀಕ ಅದೇ ಸೂರಿನ ಕೆಳಗೆ ಮಲಗಿದರೆ ಬಂದವನು ಅತಿಥಿ. ಮಾಲೀಕ ಬೀಗದ ಕೈ ಕೊಟ್ಟು ಬೇರೆ ಕಡೆ ಹೋದರೆ ಲೆಕ್ಕವೇ ಬೇರೆ.

ನಾನು 1991ರಲ್ಲಿ ಬ್ಯಾಂಕ್ ಕೆಲಸಕ್ಕೆ ಇಲ್ಲಿಗೆ ಬಂದಾಗ ಮಾಟುಂಗಾದಲ್ಲಿ ಒಬ್ಬ ಮರಾಠಿ ಆಜಿಯ ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದೆ. ಒಂದು ಮಂಚ, ಅರ್ಧ ಕಪಾಟು. ಅಡುಗೆಮನೆಗೆ ಹೋಗುವ ಹಾಗಿಲ್ಲ, ರೇಷನ್ ಕಾರ್ಡಿಗೆ ಆ ವಿಳಾಸ ಕೊಡುವ ಹಾಗಿಲ್ಲ. ಹಾಲಿನ ಬಾಗಿಲಿಗೆ ಒಂದೇ ಬೀಗದ ಕೈ, ಅದು ಆಜಿಯ ಸೊಂಟದಲ್ಲಿ. ಮಗನ ಮನೆಗೆ ಪುಣೆಗೆ ಹೋಗಬೇಕಾದರೆ ನನ್ನನ್ನೂ ನಾಲ್ಕು ದಿನ ಗೆಳೆಯನ ರೂಮಿಗೆ ಕಳಿಸುತ್ತಿದ್ದರು. ಇಪ್ಪತ್ತೆರಡು ವರ್ಷದ ಹುಡುಗನಿಗೆ ಇದೆಲ್ಲ ಜಿಪುಣತನವಾಗಿಯೇ ಕಂಡಿತ್ತು. ಆದರೆ ಆ ಮುದುಕಿಯ ಪಕ್ಕದ ಮನೆಯವರು 1973ರಲ್ಲಿ ಎರಡು ಕೋಣೆ ಕಳೆದುಕೊಂಡಿದ್ದರು ಅಂತ ಆಮೇಲೆ ತಿಳಿಯಿತು. ಪೆನ್ಷನ್ ಸಾಲದೆ ಅಪರಿಚಿತನನ್ನು ಒಳಗೆ ಬಿಟ್ಟುಕೊಂಡವರಿಗೆ ರಾತ್ರಿ ನಿದ್ದೆಯೂ ಬರಬೇಕಲ್ಲ?

ಇಲ್ಲಿ ನಮ್ಮ ಕರಾವಳಿಯ ಹೆಸರೊಂದು ಇತಿಹಾಸದೊಳಗೆ ಬರುತ್ತೆ. 'ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ' ಅನ್ನುವ ಕೇಸಿನಲ್ಲಿ 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, 1940ರ ದರಕ್ಕೆ ಬಾಡಿಗೆಯನ್ನು ಕಟ್ಟಿಹಾಕಿರುವುದು ಈಗ ನ್ಯಾಯಸಮ್ಮತವಲ್ಲ ಅಂದಿತು. ಕಾಯ್ದೆಯ ಅವಧಿ ಹೇಗೂ 1998ರ ಮಾರ್ಚಿಗೆ ಮುಗಿಯುವುದರಲ್ಲಿದ್ದ ಕಾರಣ ಅದನ್ನು ಹೊಡೆದುಹಾಕಲಿಲ್ಲ. ಕೊನೆಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ಅದರ 24ನೇ ಕಲಮಿನ ಪ್ರಕಾರ ವಾಸಕ್ಕೆ ಕೊಟ್ಟ ಲೈಸೆನ್ಸ್ ಅವಧಿ ಮುಗಿದ ಮೇಲೂ ಏಳದವನು ಎರಡು ಪಟ್ಟು ದರ ತೆರಬೇಕು. 55ನೇ ಕಲಮಿನ ಪ್ರಕಾರ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯಾಗಬೇಕು, ಅದು ಮಾಲೀಕನ ಹೊಣೆ. ನೋಂದಣಿ ಇಲ್ಲದಿದ್ದರೆ, ಬೇರೆ ಪುರಾವೆ ಇಲ್ಲದ ತನಕ, ಇರುವವನು ಹೇಳಿದ ಷರತ್ತೇ ನಿಜ. ಅಂದ ಹಾಗೆ, ಈ ಕಾಯ್ದೆಯ ರಕ್ಷಣೆ ಬ್ಯಾಂಕುಗಳಿಗೆ ಇಲ್ಲ. ಆದ್ದರಿಂದಲೇ ನಮ್ಮಂಥ ಬ್ಯಾಂಕ್ ಆಫೀಸರುಗಳಿಗೆ ಆಮೇಲೆ ಮನೆ ಸಿಗುವುದು ಸುಲಭವಾಯಿತು!

ಇಷ್ಟು ಹೊತ್ತಿಗೆ ಇಂಟರ್ನೆಟ್ ಬಂತು. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರುವಾದ ಏರ್‌ಬಿಎನ್‌ಬಿ ಮುಂಬಯಿಗೂ ತಲುಪಿತು. ಆಜಿಯ ಕಾಲದ ಭಯಗಳು ಹೊಸ ರೂಪದಲ್ಲಿ ವಾಪಸ್ ಬಂದವು. 2011ರಲ್ಲಿ ಅದೇ ಊರಿನ ಒಬ್ಬ ಹೆಂಗಸಿನ ಮನೆಯನ್ನು ಬಂದವರು ಲೂಟಿ ಮಾಡಿ ಧ್ವಂಸ ಮಾಡಿದಾಗ ಕಂಪನಿ 50,000 ಡಾಲರ್ ಭರವಸೆಯ ಯೋಜನೆ ತಂದಿತು. 2014ರಲ್ಲಿ ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ನಲ್ಲಿ 44 ದಿನಕ್ಕೆ ಬುಕ್ ಮಾಡಿದ ಅತಿಥಿ ಏಳಲು ಒಪ್ಪಲಿಲ್ಲ. 30 ದಿನ ದಾಟಿದರೆ ಅಲ್ಲಿ ಬಾಡಿಗೆದಾರನ ಹಕ್ಕು ಬರುತ್ತೆ! ನಮ್ಮ 15ಎ ಅಲ್ಲಿ ಬೇರೆ ವೇಷದಲ್ಲಿ ಕೂತಿತ್ತು.

ಇಲ್ಲಿ ತಾಪತ್ರಯಗಳು ಸೊಸೈಟಿಯಿಂದ ಶುರು. 1915ರಲ್ಲಿ ಗಾಂದೇವಿಯಲ್ಲಿ ನಮ್ಮ ಕೆನರಾ ಕಡೆಯ ಸಾರಸ್ವತರು ಕಟ್ಟಿದ ಸಹಕಾರಿ ಗೃಹ ಸಂಘದ ಕಾಲದಿಂದ ಈ ಊರಿನಲ್ಲಿ ನೆರೆಯವರೇ ಕೂಡಿ ಆಡಳಿತ ನಡೆಸುವ ಪದ್ಧತಿ. ನಮ್ಮ ಸೊಸೈಟಿಯಲ್ಲಿ ನಾನು ಖಜಾಂಚಿ (ಬ್ಯಾಂಕಿನವನಿಗೆ ಬೇರೆ ಹುದ್ದೆ ಕೊಡುತ್ತಾರೆಯೇ?). ಎರಡು ಮನೆಗಳ ಮೇಲೆ ಒಂದೇ ಸಭೆಯಲ್ಲಿ ದೂರು ಬಂತು. ಒಂದು, ಮಾಲೀಕರು ಬೇರೆ ಊರಿನಲ್ಲಿದ್ದು, ವಾಚ್‌ಮನ್ ಕೈಯಲ್ಲಿ ಬೀಗದ ಕೈ ಇಟ್ಟು ವಾರಕ್ಕೆ ಮೂರು ತಂಡಕ್ಕೆ ಕೊಡುವ ಫ್ಲಾಟು. ಲಿಫ್ಟಿನಲ್ಲಿ ಬಾಟಲಿ, ಮಧ್ಯರಾತ್ರಿ ಹಾಡು. ಇನ್ನೊಂದು, ನಿವೃತ್ತ ದಂಪತಿ ತಾವೇ ಇರುವ ಮನೆಯ ಒಂದು ಕೋಣೆ. ಅವರಲ್ಲಿಗೆ ಬರುವವರು ಹೆಚ್ಚಾಗಿ ಆಸ್ಪತ್ರೆಗೆ ಬರುವ ರೋಗಿಗಳ ಕಡೆಯವರು. ಆ ಯಜಮಾನರು ಪ್ರತಿಯೊಬ್ಬರ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳುತ್ತಾರೆ, ರಿಜಿಸ್ಟರ್ ಬರೆಯುತ್ತಾರೆ. ಅವರ ಔಷಧಿಯ ಖರ್ಚು ಆ ಕೋಣೆಯಿಂದಲೇ ಬರಬೇಕು. ಸಭೆ ಎರಡಕ್ಕೂ ಒಂದೇ ನೋಟಿಸು ಕೊಡಲು ಹೊರಟಿತ್ತು.

ನಾನು ಅಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮಾಲೀಕ ಮನೆಯಲ್ಲೇ ಇದ್ದಾನೆಯೇ ಅನ್ನುವ ಪ್ರಶ್ನೆ ಮೊದಲು ಕೇಳಿ. 1973ರ ಕಾಯ್ದೆ ಕೇಳಿದ್ದೂ ಇದೇ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯ ಷರತ್ತೂ ಇದೇ, ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಜಾರಿ ಮಾಡಿದ ನಿಯಮವೂ ಇದೇ. 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವುದಾದರೆ ನೋಂದಣಿ ಬೇಕು, ಮನೆಯವರು ಮನೆಯಲ್ಲೇ ಇರಬೇಕು, ಅತಿಥಿಗಳು ಇಬ್ಬರಿಗಿಂತ ಹೆಚ್ಚು ಇರಬಾರದು. ಮಾಟುಂಗಾದ ಆಜಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾಲಿಸುತ್ತಿದ್ದುದನ್ನು ನ್ಯೂಯಾರ್ಕ್ ಐವತ್ತು ವರ್ಷ ತಡವಾಗಿ ಬರೆದುಕೊಂಡಿತು ನೋಡಿ!

ತನ್ನ ಸೂರಿನ ಕೆಳಗೆ ಇನ್ನೊಬ್ಬರಿಗೆ ಜಾಗ ಕೊಡುವವನು ಅಪಾಯವನ್ನು ತಾನೇ ಹೊರುತ್ತಾನೆ. ಗಲಾಟೆಯಾದರೆ ಅವನ ನಿದ್ದೆಯೇ ಮೊದಲು ಕೆಡುತ್ತೆ. ಬೀಗದ ಕೈ ಕೊಟ್ಟು ದೂರ ಇರುವವನು ಅಪಾಯವನ್ನು ಪಕ್ಕದ ಮನೆಯವರ ತಲೆಗೆ ಕಟ್ಟುತ್ತಾನೆ. ಇಬ್ಬರಿಗೂ ಒಂದೇ ನೋಟಿಸು ಕೊಟ್ಟರೆ ಹಣವಿದ್ದವನು ವಕೀಲರನ್ನು ಇಟ್ಟು ನಡೆಸಿಕೊಂಡು ಹೋಗುತ್ತಾನೆ, ಮುದುಕ ದಂಪತಿ ಕೋಣೆಗೆ ಬೀಗ ಹಾಕುತ್ತಾರೆ. ನಮ್ಮ ಸಭೆ ಸದ್ಯಕ್ಕೆ ಆ ಎರಡನೇ ನೋಟಿಸನ್ನು ಮುಂದಕ್ಕೆ ಹಾಕಿದೆ. ನಿಮ್ಮ ಸೊಸೈಟಿಗಳಲ್ಲಿ ಏನು ಮಾಡಿದ್ದೀರಿ, ಹೇಳಿ.