ಮೇಜಿನ ಮೇಲಿನ ಕೋಟೆ

ಮೊನ್ನೆ ಭಂಗಾರಿನವನಿಗೆ ಕೊಡೋಣವೆಂದು ಹಳೇ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿದೆ. ಪುಣ್ಯಕ್ಕೆ ಶುರುವಾಯ್ತು! ಆದರೆ ಬ್ರೌಸರಿನಲ್ಲಿ ಗುರುತು ಹಾಕಿಟ್ಟಿದ್ದ 'ಡೆಸ್ಕ್‌ಟಾಪ್ ಟವರ್ ಡಿಫೆನ್ಸ್' ಒತ್ತಿದರೆ ಖಾಲಿ ಚೌಕ. ಅದು ಫ್ಲಾಶ್ ಆಟ. 2020ರ ಡಿಸೆಂಬರ್ 31ಕ್ಕೆ ಅಡೋಬಿಯವರು ಫ್ಲಾಶ್‌ಗೆ ತರ್ಪಣ ಬಿಟ್ಟಾಗಿದೆ.

2007ರಲ್ಲಿ ಪಾಲ್ ಪ್ರೀಸ್ ಎಂಬ ಪ್ರೋಗ್ರಾಮರ್ ಬರೆದ ಆಟ. ಇದರ ವಂಶವೃಕ್ಷ ಹಳೆಯದು. 1990ರಲ್ಲಿ ಅಟಾರಿಯ 'ರ‍್ಯಾಂಪಾರ್ಟ್' ಬಂತು: ಕೋಟೆಗೋಡೆ ಕಟ್ಟು, ಹಡಗಿಗೆ ಗುಂಡು ಹಾರಿಸು, ಒಡೆದದ್ದನ್ನು ಮತ್ತೆ ಕಟ್ಟು. ಆಮೇಲೆ 'ವಾರ್‌ಕ್ರಾಫ್ಟ್ 3' ಆಡುವವರೇ ತಮಗೆ ಬೇಕಾದ ಗೋಪುರದ ಆಟಗಳನ್ನು ಅದರೊಳಗೆ ಕಟ್ಟಿಕೊಂಡರು. ಪ್ರೀಸ್‌ಗೆ ಸ್ಫೂರ್ತಿ ಅಲ್ಲಿಂದಲೇ.

ಆಗ ನಮ್ಮ ಅಂಧೇರಿ ಆಫೀಸಿನಲ್ಲಿ ಊಟದ ಡಬ್ಬಿ ಮುಚ್ಚಿದ ಕೂಡಲೇ ಇದೇ ಕೆಲಸ. ಅಕೌಂಟ್ಸ್‌ನ ಕುಂದಾಪುರದವನು ಮೊದಲ ದಿನ ನೋಡಿ, "ಎಂತ ಮಾರಾಯ್ರೆ ಇದು, ಮಕ್ಕಳು ಗೀಚಿದ ಹಾಗೆ ಇತ್ತಲೆ" ಅಂದ. ಮರುವಾರದಿಂದ ಎಲ್ಲರಿಗಿಂತ ತಡವಾಗಿ ಏಳುತ್ತಿದ್ದವನು ಅವನೇ! ಡೊಂಬಿವಲಿಯ ಮರಾಠಿ ಗೆಳೆಯನ ಅಭಿಪ್ರಾಯ ಬೇರೆ. ಮಿಕ್ಕ ಆಟಗಳಲ್ಲಿ ಶತ್ರು ಬರುವ ದಾರಿಯನ್ನು ಮೊದಲೇ ಬರೆದಿಟ್ಟಿರುತ್ತಾರೆ, ಇಲ್ಲಿ ಬರೀ ಬಯಲು. ನಾವಿಡುವ ಗೋಪುರಗಳೇ ಗೋಡೆ, ಅವೇ ಚಕ್ರವ್ಯೂಹ, ಅದೇ ಇದರ ಮಜಾ ಎನ್ನುತ್ತಿದ್ದ. ದಾರಿಯನ್ನು ಪೂರ್ತಿ ಮುಚ್ಚುವ ಹಾಗಿಲ್ಲ, ಎಷ್ಟು ಬೇಕಾದರೂ ಸುತ್ತಿಸಬಹುದು.

ಜಗಳವಾಗುತ್ತಿದ್ದದ್ದು 'ಜಗ್ಲಿಂಗ್' ಬಗ್ಗೆ. ಶತ್ರುಗಳು ಇನ್ನೇನು ದಾಟಬೇಕು ಅನ್ನುವಾಗ ಆ ಬಾಗಿಲಿಗೊಂದು ಗೋಪುರ ಇಟ್ಟು ಇನ್ನೊಂದು ತುದಿಯದನ್ನು ಮಾರಿಬಿಡುವುದು. ಪಾಪ, ಅವು ಬಂದ ದಾರಿಯಲ್ಲೇ ತಿರುಗಿ ಓಡುತ್ತವೆ. ಹುಡುಗರಿಗೆ ಅದು ಜಾಣತನ. ಕುಂದಾಪುರದವನಿಗೆ ಶುದ್ಧ ಮೋಸ. ನಾನು? ಗೆಲ್ಲುವಾಗ ಹುಡುಗರ ಪಕ್ಷ!

ಹಾರುವ ಶತ್ರುಗಳು ಬಂದರೆ ಮಾತ್ರ ಯಾರ ಚಕ್ರವ್ಯೂಹವೂ ನಡೆಯುತ್ತಿರಲಿಲ್ಲ. ಅವು ಎಲ್ಲವನ್ನೂ ಬಿಟ್ಟು ನೇರ ದಾಟುತ್ತವೆ.

ಒಂದು ಭಾನುವಾರ ಡೊಂಬಿವಲಿಯವನು ನನ್ನನ್ನು ಸಯನ್ ಕೋಟೆಗೆ ಹತ್ತಿಸಿದ. ಈಸ್ಟ್ ಇಂಡಿಯಾ ಕಂಪೆನಿಯವರು 1669ರಿಂದ 1677ರ ನಡುವೆ ಕಟ್ಟಿದ್ದು. ಆಚೆ ಪೋರ್ಚುಗೀಸರ ಸಾಷ್ಟಿ, ಈಚೆ ಇವರ ಪರೇಲ್. ಪಶ್ಚಿಮಕ್ಕೆ ಮಾಹಿಮ್ ಕೋಟೆ. ನಡುವೆ ಧಾರಾವಿಯ ಕಾಲಾ ಕಿಲ್ಲಾ, ಅದು 1737ರದ್ದು. "ನೋಡು, ಎಲ್ಲ ಗೋಪುರವೂ ಒಂದೇ ಖಾಡಿಯ ಕಡೆಗೆ" ಅಂದ.

1689ರಲ್ಲಿ ಬಂದವರು ಆ ಖಾಡಿ ದಾಟಿಕೊಂಡು ಬರಲಿಲ್ಲ ಸ್ವಾಮಿ. ಜಂಜಿರಾದ ಸಿದ್ದಿ ಯಾಕೂತ್ ಖಾನ್ ಪೂರ್ವದ ಶಿವಡಿಯಲ್ಲಿ ಇಳಿದು, ಮಝಗಾಂವ್ ಹಿಡಿದು, ಇಂಗ್ಲಿಷರನ್ನು ಬಾಂಬೆ ಕ್ಯಾಸಲ್‌ನೊಳಗೆ ಮುತ್ತಿಗೆ ಹಾಕಿ ಕೂತ. ಕೊನೆಗೆ ಉಳಿಸಿದ್ದು ಗೋಪುರವಲ್ಲ. ಕಂಪೆನಿ ಔರಂಗಜೇಬನ ಕ್ಷಮೆ ಕೇಳಿ ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತಿತು. 1690ರಲ್ಲಿ ಸಿದ್ದಿ ಹೊರಟ. ಕೋಟೆಯ ಕಟ್ಟೆ ಮೇಲೆ ಕೂತು ನಾವಿಬ್ಬರೂ ಇದು ಜಗ್ಲಿಂಗ್ ಹೌದೋ ಅಲ್ಲವೋ ಅಂತ ವಾದ ಮಾಡಿದ್ದೇ ಮಾಡಿದ್ದು.

2009ರಲ್ಲಿ ನಮ್ಮ ವಿಭಾಗವನ್ನೇ ಮುಚ್ಚಿದರು. ಹನ್ನೊಂದು ಜನ, ಒಂದೇ ಶುಕ್ರವಾರ. ಯಾವ ಕಡೆಯಿಂದ ಬಂತು ಅಂತ ಯಾರಿಗೂ ತಿಳಿಯಲಿಲ್ಲ. ಡೊಂಬಿವಲಿಯವನ ಪತ್ತೆ ಆಮೇಲೆ ಸಿಗಲೇ ಇಲ್ಲ. ಕುಂದಾಪುರದವನು ಊರಿಗೆ ಹೋಗಿ ಅಂಗಡಿ ಇಟ್ಟ.

ಖಾಲಿ ಚೌಕ ನೋಡಿದ ಮೇಲೆ ಅವನಿಗೆ ಫೋನ್ ಹಚ್ಚಿದೆ. ಆಟದ ಹೆಸರು ಹೇಳಿದ್ದೇ ತಡ, ಕ್ಷೇಮ ಸಮಾಚಾರ ಕೂಡ ಕೇಳದೆ ಹೇಳಿದ: "ಈಗ್ಲೂ ಹೇಳ್ತೆ, ಅದು ಮೋಸವೇ."